ಮೊಣಕಾಲಿನವರೆಗಷ್ಟೇ ಡಾಕ್ಟರ್

ಬೋಳುತಲೆಗೂ ಮೊಣಕಾಲಿಗೂ ಗಂಟು ಹಾಕುವವರನ್ನು ನೀವು ಬೇಕಾದಷ್ಟು ನೋಡಿರುತ್ತೀರಿ. ಆದರೆ ನಮ್ಮ ಕಾಕಾನಂಥವನನ್ನು ನೋಡಿರಲಾರಿರಿ. ಅವನು ತಲೆಯನ್ನಷ್ಟೇ ಅಲ್ಲ, ಹೊಟ್ಟೆ, ಹಲ್ಲು, ಮಳೆ, ಮದುವೆ, ಪರೀಕ್ಷೆ ಎಲ್ಲವನ್ನೂ ತಂದು ಮೊಣಕಾಲಿಗೇ ಗಂಟು ಹಾಕಿದವನು! ಹಾಕಿದ ಗಂಟನ್ನು ಬಿಚ್ಚಲು ಹೋದವರು ತಾವೇ ಸಿಕ್ಕಿಬೀಳುತ್ತಿದ್ದರು.

ಕಾಕಾ ಎಂದರೆ ನಮ್ಮ ಅಪ್ಪನ ತಮ್ಮ. ಜಮಖಂಡಿಯ ಹೈಸ್ಕೂಲಿನಲ್ಲಿ ಚಿತ್ರಕಲೆಯ ಮಾಸ್ತರ. ಮದುವೆಯಾಗಿರಲಿಲ್ಲ, ನಮ್ಮ ಮನೆಯ ಮಾಳಿಗೆಯ ಕೋಣೆಯಲ್ಲೇ ಇರುತ್ತಿದ್ದ. ಊರವರು ಮಾತ್ರ ಅವನನ್ನು ಮಾಸ್ತರ ಎನ್ನದೆ ಡಾಕ್ಟರ್ ಎನ್ನುತ್ತಿದ್ದರು, ಅದೂ ತುಟಿಯಂಚಿನಲ್ಲಿ ನಗುತ್ತ. ಕಾರಣವಿತ್ತು. ಜಮಖಂಡಿ ಇನ್ನೂ ಸಂಸ್ಥಾನವಾಗಿದ್ದಾಗ ಅಪ್ಪ ಅವನನ್ನು ಡಾಕ್ಟರಕಿ ಕಲಿಯಲೆಂದು ಪುಣೆಗೆ ಕಳಿಸಿದ್ದ. ಅಲ್ಲಿ ಮನುಷ್ಯನನ್ನು ಕಲಿಸುವುದನ್ನು ತೊಡೆಯಿಂದ ಶುರುಮಾಡುತ್ತಿದ್ದರಂತೆ. ಹೆಣ ಕೊಯ್ಯುವ ಕೋಣೆಯಲ್ಲಿ ಆರು ವಾರ ಕಳೆಯುವಷ್ಟರಲ್ಲಿ ಪಾಠವು ತೊಡೆಯ ಸಂದಿನಿಂದ ಹೊರಟು ಮೊಣಕಾಲು ದಾಟಿ ನಾಲ್ಕು ಬೆರಳು ಕೆಳಗಿಳಿದಿತ್ತು. ಅಲ್ಲಿಗೆ ನಮ್ಮ ಕಾಕಾ ಕಾಲು ಕಿತ್ತ!

ಹೀಗಾಗಿ ಅವನಿಗೆ ಗೊತ್ತಿದ್ದ ಮನುಷ್ಯ ಅಷ್ಟೇ ಉದ್ದದವನು. ಸೊಂಟದ ಮೇಲಿನದು ಅವನ ಪಾಲಿಗೆ ಪರದೇಶ, ಮೀನಖಂಡದ ಕೆಳಗಿನದು ಪಾತಾಳ. ನಡುವಿನ ಮೊಳದುದ್ದದ ರಾಜ್ಯದಲ್ಲಿ ಮಾತ್ರ ಅವನಿಗೆ ತಿಳಿಯದ ಓಣಿಯಿಲ್ಲ, ಸಂದಿಯಿಲ್ಲ. ಯಾರಾದರೂ ತಲೆನೋವೆಂದು ಹೇಳಿಕೊಂಡರೆ ಪ್ರಾಮಾಣಿಕವಾಗಿ ಕೈಮುಗಿಯುತ್ತಿದ್ದ.

"ತಲಿ ನನ್ನ ಸರಹದ್ದಿನ್ಯಾಗ ಬರೂದಿಲ್ರೀ. ಮೊಣಕಾಲು ನೋಯಿಸಿಕೊಂಡು ಬರ್ರಿ, ಅವಾಗ ಮಾತಾಡೂಣು."

'ಊರು' ಎಂಬ ಮಾತಿಗೆ ತೊಡೆ ಎಂಬ ಅರ್ಥವೂ ಉಂಟೆಂದು ಯಾವುದೋ ನಿಘಂಟಿನಲ್ಲಿ ಓದಿದ ಮೇಲಂತೂ ಅವನನ್ನು ಹಿಡಿಯುವವರೇ ಇಲ್ಲವಾದರು. ಬಸ್ಸಿನಲ್ಲಿ ಪಾಪ ಯಾರೋ ಹಿರಿಯರು, "ಮಾಸ್ತರ, ತಮ್ಮ ಊರು ಯಾವುದ್ರೀ?" ಎಂದರೆ ಗಂಭೀರವಾಗಿ ಕೇಳುತ್ತಿದ್ದ: "ಎಡಗಡೇದೋ, ಬಲಗಡೇದೋ?"

ಅವನ ಕೋಣೆಯ ಗೋಡೆಯ ಮೇಲೆ ಅವನೇ ಬರೆದ ಒಂದು ದೊಡ್ಡ ಚಿತ್ರ ತೂಗುತ್ತಿತ್ತು. ಚರ್ಮ ಬಿಡಿಸಿದ ತೊಡೆ. ಸ್ನಾಯುಗಳು ಇಟ್ಟಿಗೆಬಣ್ಣದಲ್ಲಿ, ನರಗಳು ಹಳದಿಯಲ್ಲಿ, ರಕ್ತನಾಳಗಳು ಕೆಂಪು ಮತ್ತು ನೀಲಿಯಲ್ಲಿ. ಅವ್ವನ ತವರಿನಿಂದ ಬಂದ ಮುದುಕರೊಬ್ಬರು ಅದರ ಮುಂದೆ ಬಹಳ ಹೊತ್ತು ನಿಂತು ನೋಡಿ, "ಕೃಷ್ಣಾ ನದಿ ನಕಾಶೆ ಭಾಳ ಛಲೋ ಬರದೀರಿ. ಖರೆ, ನಮ್ಮ ತೇರದಾಳ ಎಲ್ಲೈತ್ರೀ ಇದರಾಗ?" ಎಂದರು. ಕಾಕಾ ಒಂದು ಕ್ಷಣವೂ ತಡಮಾಡದೆ ಮೊಣಕಾಲಿನ ಒಳಬದಿಗೆ ಬೆರಳಿಟ್ಟ. ಮುದುಕರು ತೃಪ್ತರಾಗಿ ಹೋದರು.

ದೇವರ ಚಿತ್ರ ಬರೆದುಕೊಡಿ ಎಂದು ಬರುವವರಿಗೂ ಬರೆದುಕೊಡುತ್ತಿದ್ದ. ಮುಖ ಮಾತ್ರ ಅವನಿಗೆ ಒಲಿಯುತ್ತಿರಲಿಲ್ಲ. ಅವನ ಸರಸ್ವತಿ ನೋಡಲು ಹೆಡ್‌ಮಾಸ್ತರರ ಹಾಗೇ ಇರುತ್ತಿದ್ದಳು. ಆದರೆ ಸೀರೆಯ ನಿರಿಗೆಯ ಒಳಗಿನ ಮೊಣಕಾಲಿನ ಉಬ್ಬು ಇತ್ತಲ್ಲ, ಅದಕ್ಕೆ ಕೈಮುಗಿಯಬೇಕು ಅನ್ನಿಸುತ್ತಿತ್ತು.

ನಮ್ಮ ಓಣಿಯ ಸಿಂಪಿಗನಿಗೂ ಅವನಿಗೂ ಒಮ್ಮೆ ನಡೆದ ಮಾತು ಇಡೀ ಪೇಟೆಗೆ ಗೊತ್ತು. ಸೊಂಟದ ಹೊರಮೂಲೆಯಿಂದ ಮೊಣಕಾಲಿನ ಒಳಬದಿಗೆ ಓರೆಯಾಗಿ ಇಳಿಯುವ ಒಂದು ಪಟ್ಟಿಯಂಥ ಸ್ನಾಯು ಇದೆಯಂತೆ. ಮೈಯಲ್ಲೆಲ್ಲ ಅದೇ ಉದ್ದನೆಯದು. ಚಕ್ಕಳಮಕ್ಕಳ ಹಾಕಿ ಕೂಡಲು ಅದು ಬೇಕು. ಹಿಂದೆ ಹಾಗೆ ಕೂತು ಹೊಲಿಯುವವರು ಸಿಂಪಿಗರಲ್ಲವೆ? ಅದಕ್ಕೇ ಪರದೇಶದ ಪಂಡಿತರು ಅದಕ್ಕೆ ಸಿಂಪಿಗರ ಸ್ನಾಯು ಎಂದೇ ಹೆಸರಿಟ್ಟಿದ್ದಾರಂತೆ. ಕಾಕಾ ಈ ಸಂತೋಷದ ಸುದ್ದಿಯನ್ನು ಹೊಲಿಗೆಯಂತ್ರದ ಮುಂದೆ ನಿಂತು ತಿಳಿಸಿದ.

"ರಾಜಾ ಇರಲಿ, ರೈತ ಇರಲಿ, ಎಲ್ಲಾರ ತೊಡಿಯೊಳಗೂ ನಿಮ್ಮ ಹೆಸರು ಐತಿ, ತಿಳೀತ?"

ಸಿಂಪಿಗ ಬಾಯೊಳಗಿನ ದಾರ ಉಗುಳಿ ಹೇಳಿದ: "ಅದಕ್ಕ ಅನ್ರೀ, ಎಲ್ಲಾರ ಚಡ್ಡಿನೂ ಅಲ್ಲೇ ಹರಿಯೂದು!"

ಇನ್ನು ಬೀಳಗಿಯ ತೊಟ್ಟಿಲ ಶಾಸ್ತ್ರದ ಕತೆ. ನಮ್ಮ ಬಳಗದವರ ಮನೆಯಲ್ಲಿ ಮೊದಲ ಗಂಡುಕೂಸು. ಹೆಂಗಸರೆಲ್ಲ ಹಾಡು ಹೇಳಿ ಮುಗಿಸಿ ಕೂಸಿನ ಮೂಗು ಯಾರದು, ಕಣ್ಣು ಯಾರದು ಎಂಬ ಚರ್ಚೆಯಲ್ಲಿದ್ದರು. ಕಾಕಾ ತೊಟ್ಟಿಲಿಗೆ ಬಾಗಿ ಕೂಸಿನ ಕಾಲನ್ನು ಎರಡು ಬೆರಳಲ್ಲಿ ಹಿಡಿದು ಒತ್ತಿ ನೋಡಿ, ಎಲ್ಲರಿಗೂ ಕೇಳಿಸುವಂತೆ ಸಾರಿದ:

"ಇದಕ್ಕ ಮೊಣಕಾಲ ಚಿಪ್ಪಿನ ಎಲುಬೇ ಇಲ್ಲ!"

ಕೂಸಿನ ಅಜ್ಜಿ "ಅಯ್ಯೋ ನನ್ನ ಶಿವನ!" ಎಂದು ಅಲ್ಲೇ ಕುಸಿದಳು. ಬಾಣಂತಿ ಅಳಲು ಶುರುಮಾಡಿದಳು. ಯಾರೋ ನೀರು ತಂದರು, ಯಾರೋ ದೇವರಿಗೆ ಹರಕೆ ಹೊತ್ತರು. ಗದ್ದಲವೆಲ್ಲ ಮುಗಿದ ಮೇಲೆ ಕಾಕಾ ತನ್ನ ಎರಡನೆಯ ವಾಕ್ಯವನ್ನು ಹೇಳಿದ: "ಯಾವ ಕೂಸಿಗೂ ಇರೂದಿಲ್ರೀ. ಹುಟ್ಟಿದಾಗ ಅಲ್ಲಿ ಬರೇ ಮೆತ್ತಾನ ಗಂಟು. ಅಂಬೆಗಾಲು ಇಟ್ಟು, ಬಿದ್ದು, ಎದ್ದು, ಮೂರ್ನಾಲ್ಕು ವರ್ಷಕ್ಕ ಎಲುಬಾಗ್ತೈತಿ."

"ಇದನ್ನ ಮೊದಲ ಹೇಳಾಕ ಏನಾಗಿತ್ತೋ ನಿನಗ?" ಎಂದು ಅವ್ವ ಅಬ್ಬರಿಸಿದಳು.

"ಮೊದಲನೇ ಮಾತಿಗೇ ನೀವೆಲ್ಲಾ ಅಳಾಕತ್ತಿದ್ರಿ ವೈನಿ, ನನ್ನ ಮಾತು ಯಾರು ಕೇಳ್ತಿದ್ರು?" ಎಂದ ಕಾಕಾ ಅತ್ತಿಗೆಗೆ.

ಅಲ್ಲಿಂದ ಬರುವಾಗ ಬಸ್ಸಿನಲ್ಲಿ ನಾನು ಅದನ್ನೇ ಯೋಚಿಸುತ್ತಿದ್ದೆ. ಮನುಷ್ಯ ಬಿದ್ದು ಏಳುವ ಜಾಗದಲ್ಲಿ ಮೊದಲು ಎಲುಬು ಇಡದೆ, ಬಿದ್ದು ಎದ್ದ ಮೇಲೆಯೇ ಇಡುವ ಲೆಕ್ಕಾಚಾರ ಯಾರದಿರಬಹುದು? ಕಾಕಾನ ಮಾತುಗಳು ಹೀಗೆಯೇ. ಕೇಳಿದಾಗ ನಗು ಬರುತ್ತಿತ್ತು. ಆಮೇಲೆ ಒಬ್ಬರೇ ಇದ್ದಾಗ ಬೇರೆ ಏನೋ ಬರುತ್ತಿತ್ತು.

ಭಾನುವಾರ ಬಂದರೆ ಅವನು ರಬಕವಿಗೋ ಬನಹಟ್ಟಿಗೋ ಹೊರಡುತ್ತಿದ್ದ. ಅಲ್ಲಿ ಮನೆಮನೆಯಲ್ಲೂ ಕುಣಿಮಗ್ಗ. ನೇಕಾರರು ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು, ಕೆಳಗಿನ ತುಳಿಗೆ ತುಳಿಯುತ್ತ ನೇಯುತ್ತಾರೆ. ಹೋದವರೆಲ್ಲ ಸೀರೆ ನೋಡಿದರೆ ಕಾಕಾ ನೆಲಕ್ಕೆ ಗದ್ದ ಹಚ್ಚಿ ಕುಣಿಯೊಳಗೆ ಇಣುಕುತ್ತಿದ್ದ. ಒಮ್ಮೆ ನಾನೂ ಜೊತೆಗಿದ್ದೆ. ನೇಕಾರನ ಹೆಂಡತಿ ಗಾಬರಿಯಾಗಿ, "ಏನ ಬಿತ್ರೀ ಕುಣ್ಯಾಗ?" ಎಂದಳು.

"ಏನೂ ಬಿದ್ದಿಲ್ಲವ್ವ. ನಿನ್ನ ಗಂಡನ ಮೊಣಕಾಲು ನೋಡಾಕತ್ತೇನಿ. ಬಲದ ತೊಡಿ ದಪ್ಪ ಆಗೈತಿ, ಎಡದ್ದು ತೆಳ್ಳಗಾಗೈತಿ. ಏನಪಾ, ಬಲಗಾಲಿಂದನ ಹೆಚ್ಚು ತುಳಿತಿ ಹೌದಿಲ್ಲೋ?"

ನೇಕಾರ ಮಗ್ಗ ನಿಲ್ಲಿಸಿದ. ತನ್ನ ತೊಡೆಗಳನ್ನು ತಾನೇ ಮುಟ್ಟಿ ನೋಡಿಕೊಂಡ. "ಹೌದ್ರೀ. ಇಪ್ಪತ್ತು ವರ್ಷ ಆತು. ಮಂದಿ ಬಂದು ಸೀರಿ ಮುಟ್ಟಿ ನೋಡ್ತಾರ, ಕೈ ಛಲೋ ಐತಿ ಅಂತಾರ. ಕಾಲು ನೋಡಿದವರು ನೀವ ಒಬ್ರು" ಎಂದ. ಅಂದು ಅವರ ಮನೆಯಲ್ಲಿ ನಮಗೆ ರೊಟ್ಟಿ, ಶೇಂಗಾ ಹಿಂಡಿ, ಮೊಸರು. ಊಟ ಮಾಡದೆ ಬಿಡಲಿಲ್ಲ.

ಇಷ್ಟೆಲ್ಲ ಚೆನ್ನಾಗಿಯೇ ನಡೆದಿತ್ತು. ಕೆಟ್ಟದ್ದು ನನ್ನ ಮದುವೆಯ ಮಾತಿನಲ್ಲಿ.

ಆಗ ಸಂಸ್ಥಾನ ಹೋಗಿ ನಾವು ಮುಂಬಯಿ ರಾಜ್ಯದವರಾಗಿ ಕೆಲವು ವರ್ಷಗಳಾಗಿದ್ದವು. ನನಗೆ ಇಪ್ಪತ್ತೊಂದು. ಹೆಣ್ಣುಮಕ್ಕಳ ಶಾಲೆಯಲ್ಲಿ ಮಾಸ್ತರಣಿಯಾಗಿದ್ದೆ. ಇಪ್ಪತ್ತೊಂದಾದರೂ ಮಗಳು ಮನೆಯಲ್ಲೇ ಇದ್ದಾಳೆಂದು ಅವ್ವನಿಗೆ ಅನ್ನ ಇಳಿಯುತ್ತಿರಲಿಲ್ಲ. ಕೊನೆಗೆ ಮುಧೋಳದ ಒಂದು ಸಂಬಂಧ ಬಂತು. ಹುಡುಗ ಕಚೇರಿಯಲ್ಲಿ ಕಾರಕೂನ. ನನಗೆ ಇಷ್ಟವಾಗಿದ್ದನೆ? ಮೀಸೆಯೇನೋ ಇಷ್ಟವಾಗಿತ್ತು. ಅವಲಕ್ಕಿ ಆಯಿತು, ಚಹಾ ಆಯಿತು, ಹಿರಿಯರು ಮುಹೂರ್ತದ ಮಾತಿಗೆ ಗಂಟಲು ಸರಿಮಾಡಿಕೊಂಡರು. ಆಗ ಮೂಲೆಯಲ್ಲಿ ಕೂತಿದ್ದ ಕಾಕಾ, "ಹುಡುಗ ಸ್ವಲ್ಪ ನೆಲಕ್ಕ ಕೈ ಹಚ್ಚದ ಕುಕ್ಕರಗಾಲಿನ್ಯಾಗ ಕೂತು ಏಳಲಿ" ಎಂದ.

ಹುಡುಗ ಕೂತ. ಏಳುವಾಗ ತೂಗಾಡಿ ನನ್ನ ಅಪ್ಪನ ಭುಜ ಹಿಡಿದ.

"ನಾ ಅನಕೊಂಡಿದ್ದು ಖರೇ ಆತು" ಎಂದ ಕಾಕಾ. "ನಡಕೋತ ಬರೂವಾಗನ ನೋಡಿದೆ. ಎರಡೂ ಮೊಣಕಾಲು ಒಂದಕ್ಕೊಂದು ಕಿವಿಯಾಗ ಮಾತಾಡ್ತಾವು!"

ಮುಧೋಳದವರು ಎಲೆಅಡಿಕೆಯನ್ನೂ ಮುಟ್ಟದೆ ಎದ್ದುಹೋದರು. ಆಮೇಲೆ ನಾನು ಲೋಕಾಪುರದ ಕಡೆಯವರನ್ನು ಮದುವೆಯಾದೆ, ಸುಖವಾಗಿಯೇ ಇದ್ದೇನೆ. ಅವರ ಮೊಣಕಾಲು ಹೇಗಿದ್ದವು ಎಂದು ಕೇಳಬೇಡಿ. ನೋಡಲು ಬಂದ ದಿನ ಕಾಕಾನನ್ನು ಸಂತೆಗೆ ಕಳಿಸಿದ್ದೆವು.

ಆದರೆ ಮುಧೋಳದವರು ಎದ್ದುಹೋದ ದಿನ ಅವ್ವ ಅಡುಗೆಮನೆಯ ಹೊಸ್ತಿಲಲ್ಲಿ ನಿಂತು, "ಇವತ್ತಿನಿಂದ ಇಂವಗ ನನ್ನ ಬಾಯಾಗ ಮಾತಿಲ್ಲ" ಎಂದಳು. ಅಂದಂತೆ ನಡೆದಳು. ಬಡಿಸುತ್ತಿದ್ದಳು, ಬಟ್ಟೆ ಒಗೆದುಕೊಡುತ್ತಿದ್ದಳು, ಮಾತು ಮಾತ್ರ ನನ್ನ ಮೂಲಕ. "ನಿಮ್ಮ ಕಾಕಾಗ ಹೇಳು, ರೊಟ್ಟಿ ಆರಾಕತ್ತಾವು." ಕಾಕಾ ಎರಡು ಮೊಳ ದೂರದಲ್ಲೇ ಕೂತಿರುತ್ತಿದ್ದ. "ನಿಮ್ಮವ್ವಗ ಹೇಳು, ಬಂದೆ."

ನನಗೂ ಸಿಟ್ಟಿತ್ತು. ಒಂದು ಸಂಜೆ ಮಾಳಿಗೆಗೆ ಹೋಗಿ ಕೇಳಿಯೇಬಿಟ್ಟೆ: "ಆರು ವಾರ ಕಲಿತು ಹೆದರಿ ಓಡಿ ಬಂದಾವ ನೀ. ನನ್ನ ಲಗ್ನ ಯಾಕ ಮುರಿದಿ?"

ಅವನು ಕುಂಚ ತೊಳೆಯುತ್ತಿದ್ದ. ತೊಳೆದು ಮುಗಿಸಿ, ಒರೆಸಿ, ಆಮೇಲೆ ಹೇಳಿದ.

"ಹೆದರಿದ್ದು ಖರೇ. ಆರು ವಾರ ಆ ಹೆಣದ ಮುಖದ ಮ್ಯಾಲ ಬಟ್ಟಿ ಹಾಕಿದ್ರು. ನಮಗ ಬೇಕಾದದ್ದು ಕಾಲು ಅಷ್ಟ. ಒಂದು ದಿನ ಕಿಟಕಿ ತಗದಿದ್ರು, ಗಾಳಿಗೆ ಬಟ್ಟಿ ಸರೀತು."

"ಯಾರಿದ್ರು?"

"ಯಾರೋ ಮುದುಕ. ಹೆಸರಿಲ್ಲ, ವಾರಸುದಾರರಿಲ್ಲ. ಕಿವಿಯಾಗ ತೂತಿತ್ತು. ಸಣ್ಣಾವ ಇದ್ದಾಗ ಅವರವ್ವ ತೊಡಿ ಮ್ಯಾಲ ಮಲಗಿಸಿಕೊಂಡು ಚುಚ್ಚಿಸಿರಬೇಕು, ಅತ್ತಿರಬೇಕು, ಬಾಯಾಗ ಬೆಲ್ಲ ಹಾಕಿರಬೇಕು. ಅಲ್ಲೀತನಕ ನಾ ಒಂದು ಕಾಲು ಕೊಯ್ಯಾಕತ್ತಿದ್ದೆ. ಅವತ್ತು ಒಬ್ಬ ಮನುಷ್ಯಾನ್ನ ಕೊಯ್ಯಾಕತ್ತೇನಿ ಅನ್ನಿಸ್ತು. ಕೈ ಏಳಲಿಲ್ಲ."

ಅವನ ದೇವರುಗಳಿಗೆ ಮುಖ ಯಾಕೆ ಸರಿಯಾಗಿ ಬರುತ್ತಿರಲಿಲ್ಲ ಎಂಬುದು ಅಂದು ಸ್ವಲ್ಪ ತಿಳಿಯಿತು.

ನಾಲ್ಕು ತಿಂಗಳು ಕಳೆದವು. ತೇರದಾಳದಲ್ಲಿ ಅವ್ವನ ತಮ್ಮನ, ಅಂದರೆ ನನ್ನ ಸೋದರಮಾವನ, ಬಸುರಿ ಹೆಂಡತಿಗೆ ಕುಬಸದ ಕಾರ್ಯ, ಸೀಮಂತ. ಅಪ್ಪನಿಗೆ ಕಚೇರಿಯಲ್ಲಿ ರಜೆ ಸಿಗಲಿಲ್ಲ. ಅವ್ವನನ್ನೂ ನನ್ನನ್ನೂ ಕರೆದೊಯ್ಯುವ ಕೆಲಸ ಕಾಕಾನಿಗೆ ಬಿತ್ತು. ಬಸ್ಸಿನಲ್ಲಿ ಇಬ್ಬರ ನಡುವೆ ನಾನು. "ನಿಮ್ಮ ಕಾಕಾಗ ಹೇಳು, ಚೀಲ ನನ್ನ ಕಾಲಿಗಿ ಒತ್ತಾಕತ್ತೈತಿ." "ನಿಮ್ಮವ್ವಗ ಹೇಳು, ಅದು ಕಾಲಲ್ಲ, ಮೊಣಕಾಲು." ತೇರದಾಳ ಬರುವಷ್ಟರಲ್ಲಿ ನನಗೆ ಕತ್ತುನೋವು.

ಮರುದಿನ ಮುಂಜಾನೆ ಹಿತ್ತಲಲ್ಲಿ ಹೆಂಗಸರು ಕುಂಬಳಕಾಯಿ ಹೆಚ್ಚುತ್ತಿದ್ದರು. ಒಬ್ಬಾಕೆ ಕಾಯಿ ತರಲು ಎದ್ದು ಹೋಗಿದ್ದಳು, ಅವಳ ಈಳಿಗೆಮಣೆ ಅಲಗು ಮೇಲೆ ಮಾಡಿಕೊಂಡು ಹಾಗೇ ಕೂತಿತ್ತು. ಅವ್ವ ಬಾವಿಯಿಂದ ತುಂಬಿದ ಕೊಡ ಹೊತ್ತು ಬಂದಳು. ಹಾಸುಗಲ್ಲು ತೊಯ್ದಿತ್ತು. ಕಾಲು ಜಾರಿತು. ಕೊಡ ಒಂದು ಕಡೆ, ಅವಳು ನೇರ ಈಳಿಗೆಯ ಮೇಲೆ.

ಎಡತೊಡೆಯ ಒಳಬದಿ, ಮೊಣಕಾಲಿನಿಂದ ಒಂದು ಗೇಣು ಮೇಲೆ. ಸೀರೆ ಹರಿದು ರಕ್ತ ಬುಗ್ಗೆಯಾಗಿ ಚಿಮ್ಮಿತು. ಹರಿಯಲಿಲ್ಲ, ಚಿಮ್ಮಿತು! ಒಂದು ಸಲ, ತಡೆದು ಇನ್ನೊಂದು ಸಲ. ಯಾರೋ ಅರಿಷಿಣ ಸುರಿದರು, ಯಾರೋ ಸುಣ್ಣ ತಂದರು, ಮಾವ ತನ್ನ ರುಮಾಲು ಬಿಚ್ಚಿ ಗಾಯದ ಮೇಲೆ ಒತ್ತಿದ. ರುಮಾಲು ನೋಡನೋಡುತ್ತ ಕೆಂಪಾಯಿತು. ನಾನು ಅವ್ವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ನನಗೆ ಅಳಲೂ ಆಗಲಿಲ್ಲ.

ಮುಂಬಾಗಿಲಿನಿಂದ ಕಾಕಾ ಓಡಿಬಂದ. ಒಂದು ಸಲ ಆ ಬುಗ್ಗೆಯನ್ನು ನೋಡಿದ.

"ಇದು ಅರಿಷಿಣಕ್ಕ ನಿಲ್ಲೂ ರಕ್ತ ಅಲ್ಲ. ಸರೀರಿ ಎಲ್ಲಾರೂ."

ಮೊಣಕಾಲೂರಿ ಕೂತ. ಗಾಯವನ್ನು ಮುಟ್ಟಲೇ ಇಲ್ಲ. ಸೀರೆಯ ಮೇಲಿನಿಂದಲೇ ತೊಡೆಯ ಬುಡ, ಕಿಬ್ಬೊಟ್ಟೆ ಸೇರುವ ಸಂದು ಇದೆಯಲ್ಲ, ಅದರ ನಟ್ಟನಡುವೆ ಬೆರಳಿಂದ ಒಮ್ಮೆ ಹುಡುಕಿದ. ಎರಡೂ ಹೆಬ್ಬೆರಳನ್ನು ಒಂದರ ಮೇಲೊಂದು ಇಟ್ಟು ಮೈಯ ಭಾರವನ್ನೆಲ್ಲ ಹಾಕಿ ಒತ್ತಿದ. ಬುಗ್ಗೆ ನಿಂತಿತು. ಯಾರೋ ನಲ್ಲಿ ತಿರುವಿದ ಹಾಗೆ.

ಆ ಕ್ಷಣದಲ್ಲಿ ಎಲ್ಲರ ಕಣ್ಣಿಗೂ ಇನ್ನೊಂದು ಬಿತ್ತು: ಮೈದುನನ ಕೈ ಇರುವ ಜಾಗ. ಹಿರಿಯ ಹೆಂಗಸೊಬ್ಬಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅವ್ವನಿಗೂ ಅದು ತಿಳಿಯಿತು. ನಾಲ್ಕು ತಿಂಗಳ ನಂತರ ಅವಳು ಅವನಿಗೆ ಆಡಿದ ಮೊದಲ ಮಾತು ಇದು:

"ಕೈ ತಗಿಯೋ! ಮಂದ್ಯಾಗ ನನ್ನ ಮಾನ ತಗೀಬ್ಯಾಡ. ಸತ್ತರ ಸಾಯ್ತೀನಿ."

"ತಗಿಯೂದಿಲ್ಲ ವೈನಿ" ಎಂದ ಕಾಕಾ. "ಬೈರಿ. ಬೈಕೋತನ ಇರ್ರಿ. ನೀವು ಬೈಯೂದು ನಿಂತ್ರ ನನಗ ಹೆದರಿಕಿ."

ಅದೃಷ್ಟಕ್ಕೆ ರಬಕವಿಯ ನೂಲಿನ ಟ್ರಕ್ಕೊಂದು ಪೇಟೆಯಲ್ಲಿ ನಿಂತಿತ್ತು. ಮಾವ ಓಡಿಹೋಗಿ ಡ್ರೈವರನ ಕೈಕಾಲು ಹಿಡಿದು ಮನೆಬಾಗಿಲಿಗೆ ತಂದ. ನಾಲ್ಕು ಜನ ಅವ್ವನನ್ನು ಬಾಗಿಲ ಹಲಗೆಯ ಮೇಲೆ ಎತ್ತಿದರು. ಕಾಕಾ ಹೆಬ್ಬೆರಳು ಎತ್ತದೆ ಅಡ್ಡಡ್ಡ ನಡೆಯುತ್ತ ಅವರ ಜೊತೆ ಹೋದ. ಟ್ರಕ್ಕಿನಲ್ಲಿ ನೂಲಿನ ಗಂಟುಗಳ ಮೇಲೆ ಅವ್ವ, ಅವಳ ಪಕ್ಕದಲ್ಲಿ ಮೊಣಕಾಲೂರಿದ ಕಾಕಾ, ಅವನು ಬೀಳದಂತೆ ಹಿಂದಿನಿಂದ ಭುಜ ಹಿಡಿದ ನಾನು. ಮುಂದೆ ಡ್ರೈವರನ ಜೊತೆ ಮಾವ.

ಆ ರಸ್ತೆ! ತೇರದಾಳದಿಂದ ಜಮಖಂಡಿಗೆ ಅಂದು ಇದ್ದದ್ದು ರಸ್ತೆಯಲ್ಲ, ತಗ್ಗುಗಳ ಮೆರವಣಿಗೆ. ಒಂದೊಂದು ತಗ್ಗಿಗೂ ನಮ್ಮ ಮೂವರ ಮೈ ಗಾಳಿಗೇರುತ್ತಿತ್ತು, ಕಾಕಾನ ಹೆಬ್ಬೆರಳು ಮಾತ್ರ ಏರುತ್ತಿರಲಿಲ್ಲ. ರಬಕವಿಯ ಹತ್ತಿರ ಒಮ್ಮೆ ಜಾರಿತು. ರಕ್ತ ಚಿಮ್ಮಿ ನೂಲಿನ ಗಂಟೊಂದು ಕೆಂಪಾಯಿತು. ಅವನು ಮತ್ತೆ ಜಾಗ ಹಿಡಿದ.

"ಕಾಕಾ, ನಾ ಸ್ವಲ್ಪ ಹೊತ್ತು ಒತ್ತಲೇನು?" ಎಂದೆ.

"ಬ್ಯಾಡ. ಎರಡು ಬೆರಳಷ್ಟು ಜಾಗ. ತಪ್ಪಿದ್ರ ಹುಡುಕೂದರಾಗ ಹೊತ್ತು ಮೀರ್ತೈತಿ."

ಅವ್ವನ ಮುಖ ಬೆಳ್ಳಗಾಗುತ್ತ ಬಂತು. ಕಣ್ಣು ಮುಚ್ಚತೊಡಗಿದಳು. ಆಗ ಕಾಕಾ ಮಾಡಿದ್ದೇನು ಗೊತ್ತೆ? ಜಗಳ ತೆಗೆದ!

"ವೈನಿ, ಆ ಮುಧೋಳದ ಹುಡುಗನ ಮೊಣಕಾಲು ಖರೇನ ಕೆಟ್ಟಿದ್ದು. ನಾ ಮಾಡಿದ್ದ ಬರೋಬರಿ."

ಅವ್ವನ ಕಣ್ಣು ಸ್ವಲ್ಪ ತೆರೆಯಿತು. "ಮೂರ್ಖ... ಹುಡುಗಗ ಪಗಾರ ಇತ್ತು... ಹೊಲ ಇತ್ತು..."

"ಹೊಲದಾಗ ನಡಿಯಾಕ ಕಾಲು ಬ್ಯಾಡೇನು?"

"ನಿನ್ನ ಕಾಲು ನೆಟ್ಟಗದಾವಲ್ಲ... ಎಲ್ಲಿಗಿ ಹೋದಿ ನೀ? ಪುಣೆಕ್ಕ ಹೋಗಿ ತಿರಿಗಿ ಬಂದಿ..."

"ಹೌದ್ರಿ. ಬೈರಿ. ಮತ್ತ?"

ಹೀಗೆ ಬನಹಟ್ಟಿ ದಾಟಿತು. ಅವಳು ಸೋತಾಗಲೆಲ್ಲ ಅವನು ಒಂದು ಹಳೆಯ ತಪ್ಪನ್ನು ಎತ್ತಿಕೊಡುತ್ತಿದ್ದ. ಬೀಳಗಿಯ ಕೂಸಿನದು, ಒಡೆದ ಉಪ್ಪಿನಕಾಯಿ ಭರಣಿಯದು, ತುಪ್ಪದ ಗಡಿಗೆಯಲ್ಲಿ ಕುಂಚ ಅದ್ದಿದ್ದು. ಅವಳು ಒಂದೊಂದಕ್ಕೂ ಬೈದಳು. ಬೈಗುಳ ಸಣ್ಣದಾಗುತ್ತ ಬಂತು, ನಿಲ್ಲಲಿಲ್ಲ. ನಾನು ಹಿಂದಿನಿಂದ ನೋಡುತ್ತಿದ್ದೆ. ತೊಡೆಯ ಶಾಸ್ತ್ರವನ್ನೆಲ್ಲ ಬಲ್ಲ ನಮ್ಮ ಕಾಕಾ ಅಷ್ಟೂ ಹೊತ್ತು ತೊಡೆಯ ಕಡೆ ನೋಡಲೇ ಇಲ್ಲ. ಕಣ್ಣು ಅವಳ ಮುಖದ ಮೇಲೆಯೇ ಇತ್ತು.

ಜಮಖಂಡಿಯ ದವಾಖಾನೆಯಲ್ಲಿ ಹೊಸದಾಗಿ ಬಂದ ತರುಣ ಡಾಕ್ಟರರಿದ್ದರು. ತೊಡೆಯೊಳಗಿನ ದೊಡ್ಡ ರಕ್ತನಾಳ ಅರ್ಧಕ್ಕಿಂತ ಹೆಚ್ಚು ಕಡಿದಿತ್ತಂತೆ. ಅದನ್ನು ಹೊಲಿದು ಕೂಡಿಸುವ ಸೌಕರ್ಯ ಅಲ್ಲಿರಲಿಲ್ಲ, ಎರಡೂ ತುದಿ ಕಟ್ಟಿದರು. ಹೊರಗೆ ಬಂದು, "ಇಲ್ಲೀತನಕ ಒತ್ತಿ ಹಿಡಿದವರು ಯಾರು?" ಎಂದು ಕೇಳಿದರು. ಕಾಕಾ ಎದ್ದು ನಿಂತ.

"ಡಾಕ್ಟರಕಿ ಎಲ್ಲಿ ಕಲಿತ್ರಿ?"

"ಆರು ವಾರ ಅಷ್ಟ ಕಲಿತೇನ್ರಿ. ತೊಡಿ, ಮೊಣಕಾಲು."

ಡಾಕ್ಟರರು ನಗಲಿಲ್ಲ. "ಜೀವಕ್ಕೆ ಇನ್ನು ಭಯವಿಲ್ಲ. ಆದರೆ ಪಾದ ತಣ್ಣಗಿದೆ. ನಾಳೆ ಬೆಳಗಿನವರೆಗೆ ನೋಡೋಣ. ಬೆಚ್ಚಗಾಗದಿದ್ದರೆ ಮೊಣಕಾಲಿನ ಮೇಲೆ ಕಾಲು ತೆಗೆಯಬೇಕಾಗುತ್ತದೆ" ಎಂದರು.

ಕಚೇರಿಯಿಂದ ಓಡಿಬಂದಿದ್ದ ಅಪ್ಪ ಗೋಡೆ ಹಿಡಿದು ಕೂತುಬಿಟ್ಟ. ಕಾಕಾ ಮಾತ್ರ ಅವ್ವನ ಮಂಚದ ಬಳಿ ಹೋಗಿ, ಶಾಲೆಯಲ್ಲಿ ಪಾಠ ಹೇಳುವ ದನಿಯಲ್ಲಿ ಹೇಳಿದ: "ವೈನಿ, ದೊಡ್ಡ ಹಾದಿ ಬಂದಾಗೈತಿ. ಖರೆ, ಮೊಣಕಾಲ ಸುತ್ತ ರಕ್ತದ ಸಣ್ಣ ಸಣ್ಣ ಓಣಿ ಅದಾವು. ಮ್ಯಾಲಿನ ಓಣಿ, ಕೆಳಗಿನ ಓಣಿ, ಒಂದಕ್ಕೊಂದು ಕೂಡಿಕೊಂಡಾವು. ಸಂತಿ ದಿನ ಪ್ಯಾಟಿ ಹಾದಿ ತುಂಬಿದ್ರ ಮಂದಿ ಓಣಿ ಹಿಡಿದು ಬರ್ತಾರಿಲ್ಲೋ? ಹಂಗ ಬರ್ತೈತಿ ರಕ್ತ. ತಡಾ ಆಗಬಹುದು. ಬರ್ತೈತಿ."

ಬೆಳಗ್ಗೆ ನಾನು ಗಂಜಿ ತೆಗೆದುಕೊಂಡು ಹೋದಾಗ ಕಾಕಾ ಮಂಚದ ಕಾಲ್ದೆಸೆಯಲ್ಲಿ ಕೂತು ಅವ್ವನ ಎಡಪಾದಕ್ಕೆ ತನ್ನ ಕೆನ್ನೆ ಹಚ್ಚಿದ್ದ. ಅವನ ಎರಡೂ ಕೈಗಳು ಬಾತುಕೊಂಡು ಮರಗಟ್ಟಿದ್ದವು. ಬೆರಳಿಗೆ ಬಿಸಿ ತಂಪು ಏನೂ ತಿಳಿಯುತ್ತಿರಲಿಲ್ಲ. ಅವ್ವನಿಗೆ ಎಚ್ಚರವಾಯಿತು.

"ಯಾಕೋ, ನನ್ನ ಕಾಲು ಬೀಳಾಕತ್ತಿ?"

"ಬೀಳಾಕತ್ತಿಲ್ಲ ವೈನಿ. ಬಿಸಿ ನೋಡಾಕತ್ತೇನಿ." ಮುಖ ಎತ್ತಿ ನನ್ನನ್ನು ಕರೆದ. "ಏ ಹುಡುಗಿ, ನೀ ಮುಟ್ಟಿ ನೋಡು. ನನಗ ಹೌದನ್ನಸ್ತೈತಿ, ಖರೆ ನನ್ನ ಕೆನ್ನಿ ಮ್ಯಾಲ ನನಗ ನಂಬಿಕಿ ಇಲ್ಲ."

ಮುಟ್ಟಿದೆ. ಕಾಲಿನ ಹೆಬ್ಬೆರಳು ಇನ್ನೂ ತಣ್ಣಗಿತ್ತು. ಆದರೆ ಪಾದದ ಮೇಲ್ಭಾಗ, ಹಿಮ್ಮಡಿ, ಎರಡೂ ಉಗುರುಬೆಚ್ಚಗಿದ್ದವು. ರಕ್ತ ಓಣಿಗಳ ದಾರಿ ಹಿಡಿದು ಬಂದಿತ್ತು.

ಇಪ್ಪತ್ತು ದಿನಕ್ಕೆ ಅವ್ವ ಮನೆಗೆ ಬಂದಳು. ಹೆಚ್ಚು ನಡೆದರೆ ಕಾಲು ಸೆಳೆಯುತ್ತಿತ್ತು, ಅಷ್ಟೇ. ತೇರದಾಳದ ಹಿತ್ತಲಲ್ಲಿ ಬಾಯಿ ಮುಚ್ಚಿಕೊಂಡವರು ಒಂದೆರಡು ಮಾತು ಆಡಿದರಂತೆ. ಅವ್ವ ಅವರಿಗೆ ಏನು ಹೇಳಿ ಕಳಿಸಿದಳೋ ಗೊತ್ತಿಲ್ಲ, ಆಮೇಲೆ ಯಾರೂ ಆಡಲಿಲ್ಲ. ಕೆಟ್ಟದ್ದು ಕಾಕಾನ ಹೆಬ್ಬೆರಳುಗಳು. ಒತ್ತಿ ಒತ್ತಿ ಒಳಗೆ ಏನು ಹರಿದಿತ್ತೋ, ಎರಡೂ ಬಾಗುತ್ತಿರಲಿಲ್ಲ. ಕುಂಚ ಹಿಡಿಯಲಾರ, ಗುಂಡಿ ಹಾಕಿಕೊಳ್ಳಲಾರ, ರೊಟ್ಟಿ ಮುರಿಯಲಾರ. ಆ ಇಪ್ಪತ್ತು ದಿನ ನಾನು ಉಣಿಸಲು ಹೋದರೆ ಬೇಡವೆನ್ನುತ್ತಿದ್ದ. ಅಪ್ಪ ಉಣಿಸಲು ಹೋದರೆ ಹಸಿವಿಲ್ಲ ಎನ್ನುತ್ತಿದ್ದ. ಗಂಗಾಳಕ್ಕೆ ಬಾಯಿ ಹಚ್ಚಿ ಅಂಬಲಿ ಕುಡಿದು ಎದ್ದುಬಿಡುತ್ತಿದ್ದ.

ಅವ್ವ ಬಂದ ದಿನ ಮಧ್ಯಾಹ್ನ ಇದನ್ನು ನೋಡಿದಳು. ಮಂಚದ ಮೇಲೆ ಕಾಲು ಚಾಚಿ ಕೂತವಳು ನನಗೆ ಹೇಳಿದಳು: "ಗಂಗಾಳ ಇಲ್ಲಿ ಕೊಡು."

ರೊಟ್ಟಿಯನ್ನು ಹಾಲಿನಲ್ಲಿ ಮುರಿದು ಕಲಸಿದಳು. "ಬಾ ಇಲ್ಲಿ" ಎಂದಳು. ಕಾಕಾ ಬಂದು ಮಂಚದ ಪಕ್ಕ ನೆಲದ ಮೇಲೆ ಕೂತ. ಅವಳು ತುತ್ತು ಎತ್ತಿದಳು. ಅವನು ಮುಖ ಆಚೆ ತಿರುಗಿಸಿದ.

"ವೈನಿ, ನಾ ಹೈಸ್ಕೂಲ ಮಾಸ್ತರ ಅದೇನಿ..."

"ಅವ್ವ, ಕಾಕಾಗ ನಾಚಿಗಿ" ಎಂದೆ ನಾನು ನಗುತ್ತ.

"ಎಂಥಾ ನಾಚಿಗಿ?" ಎಂದಳು ಅವ್ವ. ನನಗೆ ಹೇಳುತ್ತಿದ್ದರೂ ನೋಡುತ್ತಿದ್ದದ್ದು ಅವನನ್ನು. "ನಾ ಈ ಮನಿಗಿ ನಡಿಯಾಕ ಬಂದಾಗ ಇಂವಗ ಆರು ವರ್ಷ. ಅತ್ತಿ ತೀರಿಕೊಂಡು ಮೂರು ತಿಂಗಳಾಗಿತ್ತು. ಯಾರ ಕೈಲಿಂದನೂ ಉಣ್ತಿದ್ದಿಲ್ಲ, ಬಾಗಿಲದಾಗ ಹೋಗಿ ಕೂಡ್ತಿದ್ದ. ನನಗ ಆದರೂ ಎಷ್ಟು, ಹದಿಮೂರು. ಏನ ತಿಳೀತಿತ್ತು? ಎಳಕೊಂಡು ಬಂದು ಈ ತೊಡಿ ಮ್ಯಾಲನ ಕುಂದ್ರಿಸಿಕೊಂಡೆ. ಇಳದು ಹೋಗಲಿಲ್ಲ. ಮೂರು ವರ್ಷ ಇಲ್ಲೇ ಕೂತು ಉಂಡಾನ."

ಎಂದು ಹೇಳಿ ಬ್ಯಾಂಡೇಜಿನ ಮೇಲಿನ ಸೀರೆಯನ್ನು ಒಮ್ಮೆ ಸರಿಮಾಡಿಕೊಂಡಳು.

"ಬಾಯಿ ತಗಿ."

ಕಾಕಾ ಬಾಯಿ ತೆರೆದ.